ವಿಳಾಸವಿಲ್ಲದ ಕಾಗದ

ಮನುಷ್ಯನಿಗೆ ಅನ್ನ, ಬಟ್ಟೆ, ಸೂರು ಈ ಮೂರೂ ದೊರೆತ ಮೇಲೂ ಇನ್ನೊಂದು ಅಗತ್ಯ ಉಳಿದೇ ಇರುತ್ತದೆ. ತನ್ನ ಮಾತನ್ನು ಕೇಳುವ ಒಂದು ಕಿವಿ ಅವನಿಗೆ ಬೇಕು. ಸುಖದ ಮಾತಿಗಾದರೆ ಕಿವಿಗಳು ತಾವಾಗಿಯೇ ಬರುತ್ತವೆ. ಮಗನಿಗೆ ಕೆಲಸ ಸಿಕ್ಕಿತೆಂದರೆ, ಮಗಳ ಮದುವೆ ಗೊತ್ತಾಯಿತೆಂದರೆ, ಹತ್ತು ಜನ ಮನೆಗೆ ಬಂದು ಪೇಡೆ ತಿಂದು ಹರಸಿ ಹೋಗುತ್ತಾರೆ. ದುಃಖದ ಮಾತಿಗೆ ಮಾತ್ರ ಕಿವಿಯನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಆ ಹುಡುಕಾಟ ಈಗ ಅನೇಕರ ಪಾಲಿಗೆ ಕೈಯಲ್ಲಿರುವ ಫೋನಿನಲ್ಲಿ ಮೊದಲಾಗಿ ಅಲ್ಲಿಯೇ ಮುಗಿದುಹೋಗುತ್ತಿದೆ.

ರಾತ್ರಿ ಹನ್ನೊಂದರ ಸುಮಾರಿಗೆ ನಮಗೆ ಬೇಕಾದವರೊಬ್ಬರು ಫೇಸ್‌ಬುಕ್ಕಿನಲ್ಲಿಯೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿಯೋ ಒಂದು ಸಾಲು ಬರೆದಿರುತ್ತಾರೆ. “ಎಲ್ಲಾ ಸಾಕಾಗಿದೆ.” “ಇನ್ನು ಯಾರನ್ನೂ ನಂಬುವುದಿಲ್ಲ.” “ನನ್ನ ಕಷ್ಟ ನನಗೇ ಗೊತ್ತು.” ಇಂಥ ಸಾಲುಗಳನ್ನು ನಾವೆಲ್ಲರೂ ಓದಿದ್ದೇವೆ. ಓದಿದವರಲ್ಲಿ ಹತ್ತು ಮಂದಿ ಕೈಮುಗಿದ ಚಿತ್ರ ಹಾಕುತ್ತಾರೆ, ಇಬ್ಬರು “ಏನಾಯ್ತು?” ಎಂದು ಕೇಳಿ ಉತ್ತರಕ್ಕೆ ಕಾಯದೆ ಮಲಗುತ್ತಾರೆ, ಒಬ್ಬರು ಧೈರ್ಯವಾಗಿರಬೇಕೆಂದು ನಾಲ್ಕು ಸಾಲಿನ ಉಪದೇಶ ಮಾಡುತ್ತಾರೆ. ಉಳಿದವರು ಸುಮ್ಮನೆ ನೋಡಿ ಮುಂದೆ ಸಾಗುತ್ತಾರೆ. ಬರೆದವರಾದರೋ ಯಾರು ಯಾರು ನೋಡಿದರೆಂದು ಎಣಿಸುತ್ತ ಎಚ್ಚರವಾಗಿಯೇ ಇರುತ್ತಾರೆ. ಸ್ಟೇಟಸ್ಸು 24 ತಾಸುಗಳಲ್ಲಿ ತಾನೇ ಅಳಿದುಹೋಗುತ್ತದೆ. ಮನಸ್ಸಿನ ಭಾರ ಮಾತ್ರ ಅಲ್ಲಿಯೇ ಇರುತ್ತದೆ.

“ಇದೆಲ್ಲ ನಾಟಕ, ನಾಲ್ಕು ಜನ ನೋಡಲೆಂದು ಮಾಡುವುದು” ಎಂದು ನಕ್ಕುಬಿಡುವವರುಂಟು. ಹಾಗೆ ನಗುವುದು ಉಚಿತವಲ್ಲ. ನಾಲ್ಕು ಜನ ನೋಡಲೆಂದೇ ಬರೆದದ್ದು ನಿಜ. ನೋಡಲಿ ಎಂಬ ಆಸೆಯಲ್ಲಿ ತಪ್ಪೇನಿದೆ? ಮಗು ಬಿದ್ದಾಗ ತಾಯಿಯಿದ್ದ ಕಡೆ ತಿರುಗಿ ಅಳುತ್ತದಷ್ಟೆ. ನಾವು ಯೋಚಿಸಬೇಕಾದದ್ದು ಬೇರೆ. ಕೇಳುವುದು ಸರಿ, ಆದರೆ ಯಾರನ್ನು ಕೇಳುತ್ತಿದ್ದೇವೆ? ಸಕಲರಿಗೂ ಬರೆದ ಪೋಸ್ಟು ವಿಳಾಸ ಬರೆಯದೆ ಪೆಟ್ಟಿಗೆಗೆ ಹಾಕಿದ ಕಾಗದದಂತೆ. ಅದನ್ನು ಯಾರು ಬೇಕಾದರೂ ಓದಬಹುದು. ಉತ್ತರ ಕೊಡುವ ಹೊಣೆ ಮಾತ್ರ ಯಾರ ಮೇಲೂ ಇಲ್ಲ. ದುಃಖವನ್ನು ಹೇಳಿಕೊಳ್ಳಬೇಕು, ಆದರೆ ವಿಳಾಸ ಬರೆದು ಹೇಳಿಕೊಳ್ಳಬೇಕು ಎಂಬ ಇಷ್ಟೇ ಸಂಗತಿಯನ್ನು ಈ ಲೇಖನದಲ್ಲಿ ವಿಚಾರಿಸೋಣ.

ಪರಸ್ಥಳದ ಸಂಸಾರ

2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 10 ಲಕ್ಷ. ಪುಣೆಯಲ್ಲಿರುವ ನಮ್ಮವರನ್ನೇ ನೋಡಿ. ಹಿಂಜವಡಿಯ ಕಂಪನಿಗೆ ದಿನವೂ ಎರಡು ತಾಸು ಬಸ್ಸಿನಲ್ಲಿ ಕಳೆದು ಹೋಗಿಬರುವ ತರುಣರಿದ್ದಾರೆ. ಪಿಂಪರಿ-ಚಿಂಚವಡದ ಕಾರಖಾನೆಗೆಂದು ನಲವತ್ತು ವರ್ಷದ ಹಿಂದೆ ಬಂದು, ನಿವೃತ್ತರಾಗಿ, ಇಲ್ಲಿಯೇ ನೆಲೆನಿಂತ ಹಿರಿಯರಿದ್ದಾರೆ. ಹೋಟೆಲಿನ ಗಲ್ಲಾದ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತಿರುವ ಉಡುಪಿಯ ಕಡೆಯವರಿದ್ದಾರೆ. ವಿಜಯಪುರದಿಂದಲೋ ಧಾರವಾಡದಿಂದಲೋ ಮದುವೆಯಾಗಿ ಬಂದು, ಏಳನೆಯ ಮಹಡಿಯ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುವ ಗೃಹಿಣಿಯರಿದ್ದಾರೆ.

ಇವರೆಲ್ಲರೂ ತರಕಾರಿಯನ್ನು ಮರಾಠಿಯಲ್ಲಿ ಕೊಳ್ಳುತ್ತಾರೆ, ಕಚೇರಿಯ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡುತ್ತಾರೆ. ನೆರೆಹೊರೆಯವರು ಸಜ್ಜನರೇ, ಸಂಕ್ರಾಂತಿಗೆ ತಿಳಗುಳ ಕೊಟ್ಟು ಸಿಹಿಯಾಗಿ ಮಾತಾಡಿಸುತ್ತಾರೆ. ಆದರೆ ಮನಸ್ಸು ಕಲಕಿದಾಗ ನಾಲಗೆಯ ತುದಿಗೆ ಬರುವುದು ತಾಯಿಯ ಮಾತು. “ಹೊಟ್ಟೆಯೊಳಗೆ ಸಂಕಟವಾಗ್ತದ” ಎಂಬುದನ್ನು ಇನ್ನೊಂದು ಭಾಷೆಗೆ ತಿರುಗಿಸುವ ಹೊತ್ತಿಗೆ ಸಂಕಟದ ಅರ್ಧಾಂಶ ಹೇಳದೆಯೇ ಉಳಿದುಬಿಡುತ್ತದೆ. ಹೀಗಿರುವಾಗ ಕನ್ನಡದಲ್ಲಿ ಕೇಳುವವರು ಒಟ್ಟಿಗೇ ಸಿಕ್ಕುವ ಸ್ಥಳವೆಂದರೆ ಫೋನು. ಅಕ್ಕ, ಓರಗೆಯ ಗೆಳತಿ, ಕಾಲೇಜಿನ ಮೇಷ್ಟರು, ಊರಿನ ಪಕ್ಕದ ಮನೆಯವರು ಎಲ್ಲರೂ ಅದರಲ್ಲಿದ್ದಾರೆ. ಪರಸ್ಥಳದಲ್ಲಿರುವವರು ಅಲ್ಲಿ ಹೋಗಿ ಹೇಳಿಕೊಳ್ಳುವುದು ಸ್ವಾಭಾವಿಕವೇ ಆಗಿದೆ.

ಹಿಂದಿನ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳುವುದಕ್ಕೂ ಬಾರದು. ಆಗ ಊರಿಗೆ ಬರೆಯುತ್ತಿದ್ದ ಕಾಗದಗಳು “ಇತ್ತ ನಾವೆಲ್ಲ ಕ್ಷೇಮ” ಎಂದೇ ಮೊದಲಾಗುತ್ತಿದ್ದವು. ಜ್ವರ ಬಂದಿದ್ದರೂ ಕ್ಷೇಮ, ಕೈಯಲ್ಲಿ ಕಾಸಿಲ್ಲದಿದ್ದರೂ ಕ್ಷೇಮ. ದೂರದಲ್ಲಿರುವ ತಾಯಿತಂದೆಗಳಿಗೆ ಚಿಂತೆ ಹಚ್ಚಬಾರದೆಂಬ ಮಮತೆಯಿಂದಲೇ ಎಷ್ಟೋ ಹೆಣ್ಣುಮಕ್ಕಳು ತಮ್ಮ ನೋವನ್ನು ಕಾಗದದ ಮಡಿಕೆಯಾಚೆಗೇ ಇಟ್ಟರು. ಇಂದಿನ ಹುಡುಗಿಯೊಬ್ಬಳು “ನನಗೆ ಕಷ್ಟವಾಗಿದೆ” ಎಂದು ನಾಲ್ಕು ಜನರ ಮುಂದೆ ಬರೆಯಬಲ್ಲಳೆಂದರೆ ಅದು ಒಂದು ದೃಷ್ಟಿಯಿಂದ ಮುಂದುವರಿದ ಲಕ್ಷಣವೇ ಸರಿ.

ಬೀಸುವ ಕಲ್ಲಿನ ಎದುರು

ಬಾಯಿಬಿಟ್ಟು ಹೇಳಲಾರದ ಕಾಲದಲ್ಲಿಯೂ ನಮ್ಮ ಹೆಂಗಸರಿಗೆ ಒಂದು ದಾರಿ ಇತ್ತು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು, ತವರಿನ ನೆನಪು, ಅತ್ತೆಯ ಮಾತಿನ ಮೊನೆ, ಸತ್ತ ಕೂಸಿನ ಸಂಕಟ ಎಲ್ಲವನ್ನೂ ಅವರು ಹಾಡಿನಲ್ಲಿ ಹೊರಹಾಕುತ್ತಿದ್ದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಇಂಥ ಪದಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಹೊರತಂದರೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ನಮ್ಮ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಇದೇ ಬಗೆಯ ಹಾಡಿಗೆ ‘ಓವಿ’ ಎನ್ನುತ್ತಾರೆ. ಪುಣೆಯಲ್ಲಿ ನೆಲೆಸಿದ ಗಿ ಪ್ವಾತ್ವಾಂ ಎಂಬ ಫ್ರೆಂಚ್ ವಿದ್ವಾಂಸರೂ ಹೇಮಾ ರಾಯಿರಕರ ಅವರೂ 1980ರ ದಶಕದಿಂದ ಊರೂರು ತಿರುಗಿ, ಸಾವಿರಕ್ಕೂ ಹೆಚ್ಚು ಹಳ್ಳಿಗಳ ಹೆಂಗಸರಿಂದ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳನ್ನು ಬರೆದಿಟ್ಟರು.

ಈ ಹಾಡುಗಳಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬೀಸುವ ಕಲ್ಲಿನ ಗೂಟವನ್ನು ಹಲವೊಮ್ಮೆ ಇಬ್ಬರು ಹಿಡಿಯುತ್ತಿದ್ದರು. ಒಬ್ಬಳು ಹಾಡಿದರೆ ಎದುರಿಗೆ ಕುಳಿತವಳು ದನಿಗೂಡಿಸುತ್ತಿದ್ದಳು. ಆಕೆ ಉಪದೇಶ ಮಾಡುತ್ತಿರಲಿಲ್ಲ, “ಯಾಕೆ, ಏನಾಯಿತು?” ಎಂದು ಕೆದಕುತ್ತಲೂ ಇರಲಿಲ್ಲ. ಗೂಟವನ್ನು ಬಿಡದೆ ಭಾರದ ಅರ್ಧವನ್ನು ತಾನೂ ತಿರುಗಿಸುತ್ತಿದ್ದಳು. ಮೇಲಾಗಿ ಹಾಡು ಊರಿಗೆಲ್ಲ ಸೇರಿದ್ದಾದರೂ ಅದರೊಳಗಿನ ಮಾತು ಒಬ್ಬ ವ್ಯಕ್ತಿಗೆ, ಎಂದರೆ ಅಣ್ಣನಿಗೋ ಹಡೆದವ್ವಗೋ ಗೆಳತಿಗೋ ಹೇಳಿದ್ದಾಗಿರುತ್ತಿತ್ತು.

ಕವಿಗಳ ಮಾತೂ ಹಾಗೆಯೇ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದ ದ.ರಾ. ಬೇಂದ್ರೆಯವರು ಮುಂದೆ ತಮ್ಮ ಮಕ್ಕಳಲ್ಲಿ ಹಲವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಆ ಪುತ್ರಶೋಕದಿಂದ ಹುಟ್ಟಿದ ಅವರ ಸುಪ್ರಸಿದ್ಧ ಕವನವನ್ನು ಇಡೀ ಕನ್ನಡನಾಡು ಓದುತ್ತದೆ. ಆದರೆ ಕವನದಲ್ಲಿ ಗಂಡನು ಮಾತಾಡುವುದು ಎದುರಿಗಿರುವ ಹೆಂಡತಿಯೊಬ್ಬಳೊಡನೆ. ಧಾರವಾಡದಲ್ಲಿ 1922ರಲ್ಲಿ ಅವರು ಕಟ್ಟಿಕೊಂಡ ‘ಗೆಳೆಯರ ಗುಂಪು’ ಕೂಡ ಎದುರುಬದುರು ಕುಳಿತು ಬರೆದದ್ದನ್ನು ಓದಿ ಹೇಳುವ, ಕಷ್ಟಕ್ಕೆ ಒದಗುವ ಕೆಲವೇ ಜನರ ಕೂಟವಾಗಿತ್ತು.

ಹತ್ತು ಜನರಿದ್ದಲ್ಲಿ ಹಾವು ಸಾಯದು

ಈಗ ಫೋನಿಗೆ ಮರಳಿ ಬರೋಣ. ನೂರಾರು ಜನ ಓದಿದ ಕಷ್ಟಕ್ಕೆ ಒಬ್ಬರೂ ಏಕೆ ಒದಗುವುದಿಲ್ಲ? ಜನರ ಹೃದಯ ಕಲ್ಲಾಗಿದೆಯೆ? ಹಾಗೇನೂ ಇಲ್ಲ. ಇದರ ಮರ್ಮವನ್ನು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬವರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿಕೊಡುತ್ತದೆ. ಅವರು ನ್ಯೂಯಾರ್ಕಿನ ಕಾಲೇಜು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಧ್ವನಿಯಂತ್ರದ ಮೂಲಕ ತಮ್ಮ ತಮ್ಮ ಕಷ್ಟಗಳನ್ನು ಹೇಳಿಕೊಳ್ಳಲು ಬಿಟ್ಟರು. ಒಬ್ಬರ ಮುಖ ಒಬ್ಬರಿಗೆ ಕಾಣುವಂತಿರಲಿಲ್ಲ. ನಡುವೆ ಒಬ್ಬನಿಗೆ ಮೂರ್ಛೆರೋಗ ಬಂದು ತೊದಲುತ್ತ ಸಹಾಯ ಬೇಡುವ ಧ್ವನಿ ಕೇಳಿಸಿತು. ಅದು ಮೊದಲೇ ಮುದ್ರಿಸಿಟ್ಟ ಧ್ವನಿ; ಕೇಳುವವರಿಗೆ ಆ ಸಂಗತಿ ತಿಳಿಯದು. ತಾನೊಬ್ಬನೇ ಕೇಳುತ್ತಿದ್ದೇನೆಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ ಆ ಧ್ವನಿ ಅಡಗುವುದರೊಳಗೆ ಎದ್ದು ಹೋಗಿ ವಿಷಯ ತಿಳಿಸಿದರು. ತನ್ನಂತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ ಹಾಗೆ ಎದ್ದವರು ನೂರಕ್ಕೆ 31 ಮಾತ್ರ. ಏಳದೆ ಕುಳಿತವರೇನೂ ನಿಶ್ಚಿಂತರಾಗಿರಲಿಲ್ಲ, ಅವರ ಕೈ ನಡುಗುತ್ತಿತ್ತು, “ಅವನಿಗೆ ಏನಾಯಿತು?” ಎಂದು ಆಮೇಲೆ ಕಳವಳದಿಂದ ಕೇಳಿದರು. ಆದರೂ ‘ಇನ್ನೊಬ್ಬರು ಹೋಗಿರಬೇಕು’ ಎಂಬ ಭಾವನೆ ಅವರ ಕಾಲನ್ನು ಹಿಡಿದಿತ್ತು.

ಹತ್ತು ಜನರಿದ್ದಲ್ಲಿ ಹಾವು ಸಾಯದು ಎಂಬ ನಮ್ಮ ಗಾದೆಯಲ್ಲಿ ಇದೇ ಅರ್ಥವಿದೆ. ಫೇಸ್‌ಬುಕ್ಕಿನಲ್ಲಿ ಕೇಳುವವರು ಐವರಲ್ಲ, ಐನೂರು ಜನ. ಓದಿದ ಪ್ರತಿಯೊಬ್ಬರೂ ‘ಇವರಿಗೆ ಬಹಳ ಹತ್ತಿರದವರು ಯಾರಾದರೂ ವಿಚಾರಿಸಿರುತ್ತಾರೆ’ ಎಂದುಕೊಳ್ಳುತ್ತಾರೆ. ಬಹಳ ಹತ್ತಿರದವರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಇನ್ನೊಂದು ತೊಡಕೂ ಇದೆ. ಬರೆದವರಿಗೂ ಓದುವವರಿಗೂ ನಡುವೆ ಕಂಪನಿಯ ಯಂತ್ರವೊಂದು ಕುಳಿತಿದೆ. ನಮ್ಮ ಅಂಚೆಯವನಿಗೆ ತಂದ ಕಾಗದವನ್ನು ವಿಳಾಸಕ್ಕೆ ಮುಟ್ಟಿಸುವುದಷ್ಟೇ ಕೆಲಸ. ಈ ಯಂತ್ರವಾದರೋ ಯಾರ ಪೋಸ್ಟನ್ನು ಯಾರಿಗೆ, ಯಾವಾಗ ತೋರಿಸಬೇಕೆಂದು ತಾನೇ ನಿರ್ಧರಿಸುತ್ತದೆ. 2012ರ ಜನವರಿಯಲ್ಲಿ ಒಂದು ವಾರ ಕಾಲ ಫೇಸ್‌ಬುಕ್ ಕಂಪನಿ 6,89,003 ಬಳಕೆದಾರರ ಮೇಲೆ, ಅವರಿಗೆ ತಿಳಿಸದೆಯೇ, ಒಂದು ಪರೀಕ್ಷೆ ನಡೆಸಿತು. ಕೆಲವರಿಗೆ ಸ್ನೇಹಿತರ ಸಂತೋಷದ ಬರಹಗಳನ್ನು ಕಡಿಮೆ ತೋರಿಸಿತು, ಮತ್ತೆ ಕೆಲವರಿಗೆ ಬೇಸರದ ಬರಹಗಳನ್ನು ಕಡಿಮೆ ತೋರಿಸಿತು. 2014ರಲ್ಲಿ ಇದರ ವರದಿ ಹೊರಬಂದಾಗ ಬಹಳ ಗದ್ದಲವಾಯಿತು. ಪರಿಣಾಮ ಅಲ್ಪವೇ ಆಗಿದ್ದರೂ ಒಂದು ಮಾತು ಸ್ಪಷ್ಟವಾಯಿತು: ನಿಮ್ಮ ಕಷ್ಟದ ಸಾಲು ನಿಮ್ಮ ಅಕ್ಕನ ಕಣ್ಣಿಗೆ ಬಿದ್ದೇ ಬೀಳುವುದೆಂಬ ಭರವಸೆ ಇಲ್ಲ. ‘ಅಕ್ಕ ನೋಡಿಯೂ ಸುಮ್ಮನಿದ್ದಾಳೆ’ ಎಂದು ನೀವು ಕೊರಗುವಾಗ ಅಕ್ಕನಿಗೆ ಅದು ಕಾಣಿಸಿಯೇ ಇರಲಾರದು.

2009ರಲ್ಲಿ ಬಂದ ‘ಲೈಕ್’ ಗುಂಡಿಯೂ, 2016ರಲ್ಲಿ ಬಂದ ಅಳುವ ಮುಖದ ಚಿತ್ರವೂ ನೋಡುವವರ ಕೆಲಸವನ್ನು ಬಹಳ ಸುಲಭ ಮಾಡಿವೆ. ಒತ್ತಿದವರಿಗೆ ‘ವಿಚಾರಿಸಿದೆ’ ಎಂಬ ಸಮಾಧಾನ ಸಿಕ್ಕುತ್ತದೆ. ಬರೆದವರಿಗೆ ಸಿಕ್ಕುವುದು ಒಂದು ಸಂಖ್ಯೆ.

ಪೋಸ್ಟು ಕೆಲಸ ಮಾಡಿದ ಕಾಲ

ಇಷ್ಟು ಹೇಳಿದ ಮಾತ್ರಕ್ಕೆ ಸಾಮಾಜಿಕ ಜಾಲತಾಣಗಳೆಲ್ಲ ನಿರುಪಯೋಗಿ ಎಂದು ಯಾರೂ ತಿಳಿಯಬಾರದು. 2021ರ ಏಪ್ರಿಲ್-ಮೇ ತಿಂಗಳುಗಳನ್ನು ನೆನಪಿಗೆ ತಂದುಕೊಳ್ಳಿ. ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು 2020ರ ಮಾರ್ಚ್ 9ರಂದು ಪತ್ತೆಯಾದದ್ದು ನಮ್ಮ ಪುಣೆಯಲ್ಲಿಯೇ. ಮರುವರ್ಷದ ಎರಡನೆಯ ಅಲೆಯಲ್ಲಿಯೂ ಈ ಊರು ಬಹಳ ಬೆಂದಿತು. ಆಗ ದೇಶದಾದ್ಯಂತ ಜನರು ಆಮ್ಲಜನಕಕ್ಕೆ, ಆಸ್ಪತ್ರೆಯ ಹಾಸಿಗೆಗೆ, ಔಷಧಕ್ಕೆ ಟ್ವಿಟರ್, ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಮೊರೆಯಿಟ್ಟರು. ಮುಖ ಕಂಡರಿಯದವರು ಮಧ್ಯರಾತ್ರಿಯಲ್ಲಿ ಸಿಲಿಂಡರು ಹೊತ್ತು ತಂದರು. ಹೀಗೆ ಮೊರೆಯಿಡುವ ನಾಗರಿಕರ ಬಾಯಿ ಮುಚ್ಚಿಸಿದರೆ ಅದನ್ನು ನ್ಯಾಯಾಲಯನಿಂದೆಯೆಂದು ಪರಿಗಣಿಸಲಾಗುವುದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್ 30ರಂದು ಸರಕಾರಗಳನ್ನು ಎಚ್ಚರಿಸಿತು.

ಆ ಮೊರೆಗಳಿಗೆ ಫಲ ಸಿಕ್ಕಿದ್ದು ಹೇಗೆ? ಅವುಗಳಲ್ಲಿ ರೋಗಿ ಯಾರು, ಯಾವ ಆಸ್ಪತ್ರೆ, ಯಾವ ರಕ್ತದ ಗುಂಪು, ಎಷ್ಟು ಹೊತ್ತಿನೊಳಗೆ ಬೇಕು, ಯಾರಿಗೆ ಫೋನು ಮಾಡಬೇಕು ಎಲ್ಲವೂ ಇರುತ್ತಿತ್ತು. ಓದಿದವರಿಗೆ ತಾವು ಮಾಡಬೇಕಾದದ್ದೇನೆಂದು ಒಡನೆ ತಿಳಿಯುತ್ತಿತ್ತು. ಮನಸ್ಸಿನ ನೋವಿಗೂ ಈ ನಿಯಮ ಸಲ್ಲುತ್ತದೆ. “ಎಲ್ಲಾ ಸಾಕಾಗಿದೆ” ಎಂಬುದಕ್ಕೆ ಯಾರು ಏನು ಮಾಡಬೇಕು? “ನಾಳೆ ಡಾಕ್ಟರರ ಹತ್ತಿರ ಹೋಗುವುದಿದೆ, ಒಬ್ಬಳಿಗೆ ಭಯ, ನೀನು ಜೊತೆಗೆ ಬರುತ್ತೀಯಾ?” ಎಂದು ಒಬ್ಬ ಗೆಳತಿಯನ್ನು ಕೇಳಿದರೆ ಆಕೆ ಬಾರದಿರುವುದು ಕಠಿಣ.

ನಾಲ್ವರು, ಹದಿನಾಲ್ವರು

ಹಾಗಾದರೆ ಕೇಳಬೇಕಾದವರು ಎಷ್ಟು ಜನ? ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ಎಂಬ ವಿದ್ವಾಂಸರು ಮನುಷ್ಯನ ಸ್ನೇಹದ ಅಳತೆಯನ್ನು ಬಹುಕಾಲದಿಂದ ಅಭ್ಯಾಸ ಮಾಡಿದವರು. ಒಬ್ಬ ಮನುಷ್ಯ ನಿಜವಾಗಿ ಬಳಕೆ ಇಟ್ಟುಕೊಳ್ಳಬಲ್ಲವರ ಸಂಖ್ಯೆ ಸುಮಾರು 150 ಎಂದು ಅವರ ಮತ. 2016ರಲ್ಲಿ ಅವರು ಪ್ರಕಟಿಸಿದ ಫೇಸ್‌ಬುಕ್ ಬಳಕೆದಾರರ ಸಮೀಕ್ಷೆಯಲ್ಲಿ, ಕಡುಕಷ್ಟ ಬಂದಾಗ ನೆರವು ಕೇಳಬಹುದಾದ ಸ್ನೇಹಿತರೆಷ್ಟೆಂದು ಪ್ರಶ್ನಿಸಿದಾಗ ಬಂದ ಸರಾಸರಿ ಉತ್ತರ ನಾಲ್ಕು. ಸಹಾನುಭೂತಿ ತೋರಬಲ್ಲವರು ಸುಮಾರು ಹದಿನಾಲ್ಕು. ಜಾಲತಾಣದಲ್ಲಿ ಸ್ನೇಹಿತರ ಪಟ್ಟಿ ಎಷ್ಟೇ ಉದ್ದವಾದರೂ ಈ ನಾಲ್ಕೆಂಬುದು ಬೆಳೆಯಲಿಲ್ಲ.

ಇದು ನಿರಾಶೆಯ ಮಾತಲ್ಲ. ನಮಗೆ ಬೇಕಾದದ್ದು ನಾಲ್ಕೇ ಕಿವಿಗಳಾದರೆ ಅವು ಯಾರವೆಂದು ಗುರುತಿಸಿಕೊಂಡರೆ ಸಾಕು. ಐನೂರು ಜನರಿಗೆ ಹೇಳುವ ಸಾಹಸ ಬೇಡ. ಬಹಿರಂಗವಾಗಿ ಹೇಳಿದ್ದರಲ್ಲಿ ಅಪಾಯಗಳೂ ಇವೆ. ಗಂಡಹೆಂಡಿರ ಮುನಿಸು ಸ್ಟೇಟಸ್ಸಿಗೆ ಹೋಯಿತೆಂದರೆ ಬೀಗರ ಮನೆಯಲ್ಲಿ ಅದಕ್ಕೆ ಕೈಕಾಲು ಬೆಳೆಯುತ್ತದೆ. ಇಬ್ಬರೂ ರಾಜಿಯಾದ ಮೇಲೂ ಅದರ ಫೋಟೋ ಇನ್ನೊಬ್ಬರ ಫೋನಿನಲ್ಲಿ ಉಳಿದಿರುತ್ತದೆ. ‘ಒಂಟಿಯಾಗಿದ್ದೇನೆ’ ಎಂದು ಬರೆದವರನ್ನು ಹುಡುಕಿಕೊಂಡು ಬಂದು, ಸಿಹಿಮಾತಿನಿಂದ ಸಲಿಗೆ ಬೆಳೆಸಿ, ಕೊನೆಗೆ ಹಣ ಕೀಳುವ ಠಕ್ಕರೂ ಆ ಸಂತೆಯಲ್ಲಿದ್ದಾರೆ.

ಒಂದೇ ಬಗೆಯ ನೋವುಂಡವರು

ಕೆಲವು ಕಷ್ಟಗಳನ್ನು ಹತ್ತಿರದ ನಾಲ್ವರಿಗೂ ಹೇಳಲಾಗುವುದಿಲ್ಲ. ಹೇಳಿದರೂ ಅವರಿಗೆ ಅರ್ಥವಾಗುವುದಿಲ್ಲ. ಕುಡಿತಕ್ಕೆ ಬಿದ್ದ ಗಂಡ, ಮನೋರೋಗದಿಂದ ನರಳುವ ಮಗ ಇಂಥ ಸಂಗತಿಗಳಲ್ಲಿ ಅದೇ ಹಾದಿಯಲ್ಲಿ ನಡೆದವರ ಮಾತೇ ಹಿಡಿಸುತ್ತದೆ. ಈ ವಿಷಯದಲ್ಲಿ ಪುಣೆಯವರು ಭಾಗ್ಯವಂತರು. ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ ಅವಚಟ್ ದಂಪತಿಗಳು 1986ರಲ್ಲಿ ಇಲ್ಲಿ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ವ್ಯಸನಿಗೆ ಮಾತ್ರವಲ್ಲದೆ ಅವನ ಮನೆಯವರಿಗೂ ಮಾತಾಡುವ ಅವಕಾಶವಿದೆ. ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಜಗನ್ನಾಥ ವಾಣಿ ಎಂಬವರು, ತಮ್ಮ ಪತ್ನಿಯ ಸ್ಕಿಜೋಫ್ರೇನಿಯಾ ರೋಗದಿಂದ ಅನುಭವ ಪಡೆದು, 1997ರಲ್ಲಿ ಪುಣೆಯಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ರೋಗಿಗಳನ್ನು ನೋಡಿಕೊಳ್ಳುವ ಕುಟುಂಬದವರು ಅಲ್ಲಿ ಒಟ್ಟಿಗೆ ಕುಳಿತು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ.

ಫೋನಿನಲ್ಲಿಯೂ ಇಂಥ ಸಣ್ಣ ಗುಂಪುಗಳು ನಡೆಯಬಲ್ಲವು. ಒಂದೇ ಕಾಯಿಲೆಯ ಮಕ್ಕಳ ತಾಯಂದಿರು, ಮನೆಯ ಹಿರಿಯರ ಮರೆವಿನ ರೋಗದೊಡನೆ ಹೆಣಗುವವರು, ಸದಸ್ಯರೆಲ್ಲರ ಪರಿಚಯವಿರುವ ಮುಚ್ಚಿದ ಗುಂಪಿನಲ್ಲಿ ಬರೆದುಕೊಂಡರೆ ಅದು ವಿಳಾಸವಿರುವ ಕಾಗದವೇ ಆಗುತ್ತದೆ.

ಕೇಳುವುದೂ ಒಂದು ಸೇವೆ

ಯಾವ ಕಿವಿಯೂ ಸಿಕ್ಕದ ಸಮಯವೂ ಬರಬಹುದು. ಇಂಗ್ಲೆಂಡಿನ ಚಾಡ್ ವಾರಾ ಎಂಬ ಪಾದ್ರಿ 1935ರಲ್ಲಿ ತಮ್ಮ ವೃತ್ತಿಯ ಮೊದಲ ಶವಸಂಸ್ಕಾರ ನಡೆಸಬೇಕಾಯಿತು. ತೀರಿಕೊಂಡವಳು ಹದಿನಾಲ್ಕು ವರ್ಷದ ಬಾಲೆ. ಅವಳು ದೊಡ್ಡವಳಾಗಿದ್ದಳು; ಅದು ಪ್ರಕೃತಿಸಹಜವೆಂದು ಹೇಳುವವರಿಲ್ಲದೆ ಯಾವುದೋ ಕೆಟ್ಟ ರೋಗವೆಂದು ಹೆದರಿ ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಒಬ್ಬರಿದ್ದರೆ ಆ ಜೀವ ಉಳಿಯುತ್ತಿತ್ತಲ್ಲ ಎಂಬ ಮರುಕ ವಾರಾ ಅವರನ್ನು ಬಿಡಲಿಲ್ಲ. 1953ರ ನವೆಂಬರ್ 2ರಂದು ಅವರು ಲಂಡನ್ನಿನ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನು ಇಟ್ಟು, ಬದುಕು ಬೇಡವಾದವರು ಯಾವಾಗ ಬೇಕಾದರೂ ಕರೆಯಬಹುದೆಂದು ಸಾರಿದರು. ‘ಸಮಾರಿಟನ್ಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ಅಲ್ಲಿ ಅವರಿಗೆ ವಿಚಿತ್ರವಾದ ಅನುಭವವಾಯಿತು. ಅವರನ್ನು ಕಾಣಲು ಬಂದು ಹೊರಗೆ ಕಾದಿದ್ದವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಅವರ ಮಾತು ಕೇಳುತ್ತಿದ್ದರು. ಎಷ್ಟೋ ಮಂದಿ ಅಷ್ಟರಿಂದಲೇ ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಹಿಂದಿರುಗುತ್ತಿದ್ದರು. ತಜ್ಞರ ಸಲಹೆಗಿಂತ ಮೊದಲು ಬೇಕಾದದ್ದು ಸಾಮಾನ್ಯ ಮನುಷ್ಯರ ತಾಳ್ಮೆಯ ಕಿವಿಯೆಂದು ಅವರು ಕಂಡುಕೊಂಡರು.

ನಮ್ಮ ಪುಣೆಯಲ್ಲಿಯೂ 2005ರಲ್ಲಿ ಆರಂಭವಾದ ‘ಕನೆಕ್ಟಿಂಗ್’ ಎಂಬ ಸಂಸ್ಥೆಯ ಸ್ವಯಂಸೇವಕರು ಇದೇ ಕೆಲಸ ಮಾಡುತ್ತ ಬಂದಿದ್ದಾರೆ. ಇಡೀ ದೇಶಕ್ಕಾಗಿ ಭಾರತ ಸರಕಾರವು 2022ರ ಅಕ್ಟೋಬರ್ 10ರಂದು ‘ಟೆಲಿ-ಮಾನಸ್’ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಮೇಲ್ವಿಚಾರಣೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ಹಗಲುರಾತ್ರಿ ಕರೆಯಬಹುದು, ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಸೇವೆಯಿದೆ. 2025ರ ಮಧ್ಯದ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ಕರೆಗಳು ಅಲ್ಲಿಗೆ ಬಂದಿದ್ದವು. ಇಷ್ಟು ಜನ ಕೇಳಿದ್ದಾರೆಂದ ಮೇಲೆ ನಾವು ನಾಚಬೇಕಾದ ಕಾರಣವಿಲ್ಲ. ಈ ಸಂಖ್ಯೆಯನ್ನು ಹಾಲಿನವನ ಸಂಖ್ಯೆಯ ಪಕ್ಕದಲ್ಲಿಯೇ ಬರೆದಿಡುವುದು ಒಳ್ಳೆಯದು.

ಮಾಡಬೇಕಾದದ್ದು

ಕಷ್ಟದಲ್ಲಿರುವವರಿಗೆ ಮೊದಲ ಮಾತು. ಮನಸ್ಸು ಕುದಿಯುವಾಗ ಮೊದಲು ಒಂದು ಹಾಳೆಯ ಮೇಲೆ ಬರೆಯಿರಿ. ಅಮೆರಿಕದ ಜೇಮ್ಸ್ ಪೆನ್ನಬೇಕರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ 1986ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಆಳವಾದ ನೋವನ್ನು ಗುಟ್ಟಾಗಿ ಬರೆದ ವಿದ್ಯಾರ್ಥಿಗಳಿಗೆ ಆ ಕ್ಷಣಕ್ಕೆ ಬೇಸರ ಹೆಚ್ಚಾದರೂ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಹಾಳೆಯ ಮೇಲೆ ಬರೆದಾಗ ನಿಮಗೆ ಬೇಕಾದದ್ದೇನೆಂಬುದು ತಿಳಿಯಾಗುತ್ತದೆ: ಸುಮ್ಮನೆ ಕೇಳುವವರು ಬೇಕೆ, ಜೊತೆ ಬೇಕೆ, ಹಣ ಬೇಕೆ, ವೈದ್ಯರು ಬೇಕೆ? ಆಮೇಲೆ ನಿಮ್ಮ ನಾಲ್ವರಲ್ಲಿ ಒಬ್ಬರನ್ನು ಆರಿಸಿ, ಹೆಸರು ಹಿಡಿದು ಕೇಳಿ. ಒಬ್ಬರಿಗೆ ಬಿಡುವಿಲ್ಲದಿದ್ದರೆ ಅದನ್ನು ಅನಾದರವೆಂದು ತಿಳಿಯದೆ ಎರಡನೆಯವರನ್ನು ಕೇಳಿ.

ಓದುವವರಿಗೆ ಎರಡನೆಯ ಮಾತು. ನಿಮಗೆ ಬೇಕಾದವರ ಬೇಸರದ ಸಾಲು ಕಣ್ಣಿಗೆ ಬಿದ್ದರೆ, ಅದನ್ನು ನೋಡಿದವರು ನೀವೊಬ್ಬರೇ ಎಂದು ಭಾವಿಸಿರಿ. ಎಲ್ಲರೆದುರಿಗೆ “ಏನಾಯ್ತು?” ಎನ್ನದೆ ನೇರವಾಗಿ ಫೋನು ಮಾಡಿ, ಊರಲ್ಲಿದ್ದರೆ ಮನೆಗೆ ಹೋಗಿ. ಬಹಳ ಮಾತಾಡಬೇಕಾಗಿಲ್ಲ. “ನಿನ್ನ ಸಾಲು ಓದಿದೆ, ಕೇಳೋಣವೆಂದು ಬಂದೆ” ಎಂದರೆ ಸಾಕು. ಅವರಿಗಿಂತ ಹೆಚ್ಚು ಕಷ್ಟಪಟ್ಟವರ ಕಥೆ ಹೇಳಬೇಡಿ. ಅವರ ಸಾಲನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಬದುಕು ಮುಗಿಸುವ ಸೂಚನೆ ಆ ಮಾತಿನಲ್ಲಿದ್ದರೆ ಸಂಕೋಚಪಡದೆ “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ಸ್ಪಷ್ಟವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಬಚ್ಚಿಟ್ಟದ್ದನ್ನು ಹೇಳಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಮನೆಯವರನ್ನೂ ವೈದ್ಯರನ್ನೂ ಒಡನೆ ಕರೆಯಿರಿ.

ಮೂರನೆಯ ಮಾತು ನಮ್ಮಂಥ ಕನ್ನಡ ಸಂಘಗಳಿಗೆ. ರಾಜ್ಯೋತ್ಸವ, ನಾಟಕ, ಕೋಸಂಬರಿ-ಪಾನಕ ಎಲ್ಲವೂ ಬೇಕು. ಅವುಗಳ ಜೊತೆಗೆ ವಾರದ ಒಂದು ಸಂಜೆ, ಒಂದು ಕೋಣೆ, ಎರಡು ಕುರ್ಚಿ ಮತ್ತು ಕೇಳಿದ್ದನ್ನು ಹೊರಗೆ ಆಡದಿರುವ ನಾಲ್ಕಾರು ಹಿರಿಯರು, ಇಷ್ಟನ್ನು ಒದಗಿಸಿದರೆ ದೊಡ್ಡ ಖರ್ಚೇನೂ ಆಗದು. ಹೊಸದಾಗಿ ಊರಿಗೆ ಬಂದ ಕುಟುಂಬಕ್ಕೆ ಸದಸ್ಯತ್ವದ ಚೀಟಿಯ ಸಂಗಡ ಹತ್ತಿರದ ಬಡಾವಣೆಯಲ್ಲಿರುವ ಇಬ್ಬರು ಕನ್ನಡಿಗರ ಹೆಸರನ್ನೂ, ಅವರ ಒಪ್ಪಿಗೆ ಪಡೆದು, ಬರೆದುಕೊಡಬಹುದು. ಆ ಹೆಸರು ಕೈಯಲ್ಲಿದ್ದರೆ, ಏಳನೆಯ ಮಹಡಿಯಲ್ಲಿ ಒಂಟಿಯಾಗಿ ಕುಳಿತ ಹೆಣ್ಣುಮಗಳು ಕಷ್ಟ ಬಂದ ದಿನ ಯಾರಿಗೆ ಫೋನು ಮಾಡಬೇಕೆಂದು ಯೋಚಿಸುತ್ತ ಕೂರಬೇಕಾಗುವುದಿಲ್ಲ.